ಟ್ರಾಕ್ಟರಿಗೆ ಟ್ರೈಲರ್ ಕಟ್ಟುವ ಕೊಂಡಿ



ಟ್ರಾಕ್ಟರ್ ಕೊಳ್ಳುವಾಗ ನಾವು ಹತ್ತು ಜನರನ್ನು ವಿಚಾರಿಸುತ್ತೇವೆ. ಎಷ್ಟು ಕುದುರೆ ಶಕ್ತಿ, ಡೀಸೆಲ್ ಎಷ್ಟು ಕುಡಿಯುತ್ತದೆ, ಸಾಲ ಎಲ್ಲಿ ಸಿಗುತ್ತದೆ ಎಂದು ಕೇಳುತ್ತೇವೆ. ಟ್ರೈಲರ್ ಮಾಡಿಸುವಾಗಲೂ ತಗಡು ದಪ್ಪವಿದೆಯೇ, ಟೈರು ಹೊಸದೇ ಎಂದು ತಟ್ಟಿ ಮುಟ್ಟಿ ನೋಡುತ್ತೇವೆ. ಆದರೆ ಇವೆರಡನ್ನೂ ಕೂಡಿಸುವ ಕೊಂಡಿಯ ವಿಚಾರ ಯಾರೂ ಕೇಳುವುದಿಲ್ಲ. ಸಿಕ್ಕಿದ ತೂತಿಗೆ ಸಿಕ್ಕಿದ ಪಿನ್ನು ಹಾಕಿ ಹೊರಟುಬಿಡುತ್ತೇವೆ. ಎಷ್ಟೋ ಅಪಘಾತಗಳು ಹುಟ್ಟುವುದು ಆ ಒಂದು ಗೇಣು ಜಾಗದಲ್ಲಿಯೇ. ಆದುದರಿಂದ ಇವೊತ್ತು ಆ ಕೊಂಡಿಯ ಮಾತನ್ನೇ ಆಡೋಣ.

ನೆಲಮಂಗಲದ ಪಕ್ಕದ ಅರಿಶಿನಕುಂಟೆಯಲ್ಲಿ ಒಂದು ಬೇಸಿಗೆ ಕೆರೆ ಗೋಡು ಹೊಡೆಯುವ ಕಾಲಕ್ಕೆ ನಾನು ಹೋಗಿದ್ದೆ. ಹುಣಸೆ ಮರದ ಕೆಳಗೆ ಒಬ್ಬ ಯಜಮಾನರೂ ಅವರ ಮೊಮ್ಮಗನೂ ವಾದ ಮಾಡುತ್ತ ಕೂತಿದ್ದರು. ಏರು ಹತ್ತುವಾಗ ಟ್ರಾಕ್ಟರಿನ ಮುಂದಿನ ಚಕ್ರ ನೆಲ ಬಿಟ್ಟು ಎದ್ದಿತ್ತಂತೆ. ಹುಡುಗನಿಗೆ ಅದು ತಮಾಷೆ. ಯಜಮಾನರಿಗೆ ದಿಗಿಲು.

"ಸ್ವಾಮಿ, ಎತ್ತಾಗಿದ್ರೆ ಕತ್ತು ನೋಡಿ ಹೇಳ್ತಿದ್ದೆ, ಹೊರೆ ಹೆಚ್ಚಾಯ್ತೋ ಕಮ್ಮಿಯಾಯ್ತೋ ಅಂತ. ಈ ಕಬ್ಬಿಣಕ್ಕೆ ಕತ್ತು ಎಲ್ಲೈತೆ ಹೇಳಿ?" ಎಂದು ಕೇಳಿದರು.

ಅವರ ಪ್ರಶ್ನೆ ಬಹಳ ಸರಿಯಾದ ಪ್ರಶ್ನೆ. ಟ್ರಾಕ್ಟರಿಗೂ ಕತ್ತು ಉಂಟು. ಅದು ಅದರ ಮುಂದಿನ ಚಕ್ರ. ಆ ಚಕ್ರದ ಮೇಲೆ ಎಷ್ಟು ಭಾರ ಉಳಿದಿದೆ ಎಂಬುದರ ಮೇಲೆ ನಮ್ಮ ಪ್ರಾಣ ನಿಂತಿದೆ. ಹೇಗೆಂಬುದನ್ನು ನೋಡೋಣ.

ಎತ್ತಿನ ಗಾಡಿ ಕಲಿಸಿದ ಪಾಠ

ಎತ್ತಿನ ಗಾಡಿ ಹೂಡಿದವರಿಗೆ ಮುಂಭಾರ, ಹಿಂಭಾರ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಚೀಲಗಳನ್ನು ಮುಂದಕ್ಕೆ ಒಟ್ಟಿದರೆ ಮೂಕಿ ಕೆಳಕ್ಕೆ ಒತ್ತಿ, ನೊಗ ಎತ್ತಿನ ಹೆಗಲ ಮೇಲೆ ಕೂರುತ್ತದೆ. ಹೆಗಲು ಬಾತು ಹುಣ್ಣಾಗುತ್ತದೆ. ಹಿಂದಕ್ಕೆ ಒಟ್ಟಿದರೆ ಮೂಕಿ ಮೇಲೇಳುತ್ತದೆ, ಕೊರಳ ಹಗ್ಗ ಗಂಟಲಿಗೆ ಬಿಗಿಯುತ್ತದೆ, ಎತ್ತು ಉಸಿರು ಕಟ್ಟಿ ನಿಂತುಬಿಡುತ್ತದೆ. ಬಲ್ಲ ಗಾಡಿಯವನು ಹೊರೆ ಹೇರಿದ ಮೇಲೆ ಮೂಕಿಯನ್ನು ಕೈಯಲ್ಲಿ ಎತ್ತಿ ನೋಡುತ್ತಿದ್ದ. ಸ್ವಲ್ಪ ಮಾತ್ರ ಮುಂಭಾರ ಇರಬೇಕು, ಮಿಕ್ಕದ್ದೆಲ್ಲ ಅಚ್ಚಿನ ಮೇಲೆ ಕೂರಬೇಕು. ಇದು ನಮ್ಮ ಹಿರಿಯರ ಲೆಕ್ಕ.

ಎರಡು ಚಕ್ರದ ಟ್ರೈಲರ್ ಎಂದರೆ ಇದೇ ಗಾಡಿ. ಅಚ್ಚು ಇದೆ, ಮೂಕಿ ಇದೆ. ಎತ್ತಿನ ಹೆಗಲಿದ್ದ ಜಾಗಕ್ಕೆ ಟ್ರಾಕ್ಟರಿನ ಕೊಂಡಿ ಬಂದಿದೆ, ಅಷ್ಟೆ. ವ್ಯತ್ಯಾಸ ಒಂದೇ. ಎತ್ತು ನೋವಾದರೆ ನಿಲ್ಲುತ್ತದೆ. ಟ್ರಾಕ್ಟರ್ ನಿಲ್ಲುವುದಿಲ್ಲ. ಅದು ಮಗುಚುವವರೆಗೂ ಎಳೆಯುತ್ತಲೇ ಇರುತ್ತದೆ.

ಭಾರ ಎಲ್ಲಿಂದ ಎಲ್ಲಿಗೆ ಹೋಗುತ್ತದೆ?

ಒಂದು ಲೆಕ್ಕ ಹಾಕೋಣ. ಬಳಪ, ಹಲಗೆ ಬೇಡ, ಬಾಯಿಲೆಕ್ಕವೇ ಸಾಕು. ನಿಮ್ಮ ಟ್ರಾಕ್ಟರಿನ ತೂಕ 2,000 ಕಿಲೋ ಎಂದಿಟ್ಟುಕೊಳ್ಳಿ. ಅದರಲ್ಲಿ 800 ಕಿಲೋ ಮುಂದಿನ ಚಕ್ರದ ಮೇಲೆ, 1,200 ಕಿಲೋ ಹಿಂದಿನ ಚಕ್ರದ ಮೇಲೆ. ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ 6 ಅಡಿ. ಹಿಂದಿನ ಅಚ್ಚಿನಿಂದ ಕೊಂಡಿಗೆ 2 ಅಡಿ.

ಟ್ರೈಲರಿನ ಸ್ವಂತ ತೂಕ 1 ಟನ್ನು, ಹೇರಿದ ಹೊರೆ 3 ಟನ್ನು, ಒಟ್ಟು 4 ಟನ್ನು. ಕೊಂಡಿಯಿಂದ ಟ್ರೈಲರಿನ ಅಚ್ಚಿಗೆ 10 ಅಡಿ. ಹೊರೆಯ ನಡುಮಧ್ಯ ಅಚ್ಚಿಗಿಂತ 1 ಅಡಿ ಮುಂದಿದ್ದರೆ ಹತ್ತರಲ್ಲಿ ಒಂದು ಪಾಲು, ಅಂದರೆ 400 ಕಿಲೋ, ಕೊಂಡಿಯ ಮೇಲೆ ಕೂರುತ್ತದೆ. ಉಳಿದ 3,600 ಕಿಲೋವನ್ನು ಟ್ರೈಲರಿನ ಚಕ್ರವೇ ಹೊರುತ್ತದೆ. ಇದು ಸರಿಯಾದ ಹಂಚಿಕೆ.

ಈ 400 ಕಿಲೋ ಹಿಂದಿನ ಚಕ್ರಕ್ಕೆ ಒಳ್ಳೆಯದೇ. ಚಕ್ರ ನೆಲ ಕಚ್ಚುತ್ತದೆ, ಜಾರುವುದಿಲ್ಲ. ಆದರೆ ಕೊಂಡಿ ಅಚ್ಚಿಗಿಂತ 2 ಅಡಿ ಹಿಂದೆ ಇರುವುದರಿಂದ ಅದು ಏತದಂತೆ ಕೆಲಸ ಮಾಡುತ್ತದೆ. ಹಿಂದೆ ಒತ್ತಿದರೆ ಮುಂದೆ ಎತ್ತುತ್ತದೆ. 400 ಕಿಲೋವಿಗೆ 2 ಅಡಿ, ಅದನ್ನು 6ರಿಂದ ಭಾಗಿಸಿದರೆ ಸುಮಾರು 133 ಕಿಲೋ ಮುಂದಿನ ಚಕ್ರದಿಂದ ಕಳೆಯುತ್ತದೆ. ಹಿಂದಿನ ಚಕ್ರಕ್ಕೆ 400 ಕಿಲೋ ಅಸಲು, 133 ಕಿಲೋ ಬಡ್ಡಿ ಸೇರಿ 533 ಕಿಲೋ ಸಿಕ್ಕಿತು. ಆ ಬಡ್ಡಿ ಹೋದದ್ದು ಮುಂದಿನ ಚಕ್ರದ ಗಂಟಿನಿಂದ.

ಇದು ಟ್ರಾಕ್ಟರ್ ನಿಂತಿರುವಾಗಿನ ಮಾತು. ಎಳೆಯಲು ಹೊರಟಾಗ ಎರಡನೆಯ ಲೆಕ್ಕ ಶುರುವಾಗುತ್ತದೆ. ಹತ್ತಡಿ ಮುಂದೆ ಹೋದರೆ ಒಂದಡಿ ಮೇಲೇರುವ ಮಣ್ಣು ದಾರಿಯಲ್ಲಿ 4 ಟನ್ನು ಎಳೆಯಬೇಕಾದರೆ ಸುಮಾರು 600 ಕಿಲೋ ಎಳೆತ ಬೇಕಾಗುತ್ತದೆ. ಕೊಂಡಿ ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿದ್ದರೆ ಈ ಎಳೆತ ಮುಂದಿನ ಚಕ್ರದಿಂದ 150 ಕಿಲೋ ಕಳೆಯುತ್ತದೆ. ಅದೇ ಕೊಂಡಿಯನ್ನು 3 ಅಡಿ ಎತ್ತರಕ್ಕೆ ಕಟ್ಟಿದರೆ 300 ಕಿಲೋ ಕಳೆಯುತ್ತದೆ. ಎತ್ತರ ಎರಡು ಪಾಲಾದರೆ ಕಳೆತವೂ ಎರಡು ಪಾಲು.

ಇದಲ್ಲದೆ ಏರಿನಲ್ಲಿ ಟ್ರಾಕ್ಟರಿನ ಸ್ವಂತ ಭಾರವೂ ಹಿಂದಕ್ಕೆ ವಾಲಿ ಇನ್ನೊಂದು 67 ಕಿಲೋ ಕಳೆಯುತ್ತದೆ. ಈಗ ಕೂಡಿ ಕಳೆಯಿರಿ. ತಗ್ಗಿನ ಕೊಂಡಿಯಾದರೆ ಮುಂದಿನ ಚಕ್ರದ ಮೇಲೆ 450 ಕಿಲೋ ಉಳಿಯಿತು. ಎತ್ತರದ ಕೊಂಡಿಯಾದರೆ 300 ಕಿಲೋ ಮಾತ್ರ.

ಎಷ್ಟು ಉಳಿದರೆ ಕ್ಷೇಮ? ಟ್ರಾಕ್ಟರಿನ ತೂಕದ ಐದರಲ್ಲಿ ಒಂದು ಪಾಲಾದರೂ ಮುಂದಿನ ಚಕ್ರದ ಮೇಲೆ ಇರತಕ್ಕದ್ದು. ನಮ್ಮ ಲೆಕ್ಕದ ಟ್ರಾಕ್ಟರಿಗೆ ಅದು 400 ಕಿಲೋ. ಇದಕ್ಕಿಂತ ಕಡಿಮೆಯಾದರೆ ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗದು. ಇನ್ನೂ ಕಡಿಮೆಯಾದರೆ ಮೂತಿ ಮೇಲೇಳುತ್ತದೆ. ನೋಡಿ, ಅದೇ ಟ್ರಾಕ್ಟರ್, ಅದೇ ಟ್ರೈಲರ್, ಅದೇ ಹೊರೆ, ಅದೇ ದಾರಿ. ಕೊಂಡಿಯ ಎತ್ತರ ಒಂದೂವರೆ ಅಡಿ ಹೆಚ್ಚಾದದ್ದರಿಂದ ಕ್ಷೇಮ ಹೋಗಿ ಅಪಾಯ ಬಂತು.

ಕೆರೆಯ ಏರು ಇನ್ನೂ ಕಡಿದು. ಐದಡಿಗೆ ಒಂದಡಿ ಏರುವ ದಾರಿಗಳೂ ಉಂಟು. ಅಲ್ಲಿ ಅದೇ 4 ಟನ್ನಿಗೆ ತಗ್ಗಿನ ಕೊಂಡಿಯೂ ಸಾಲದು. ಲೆಕ್ಕ ಹಾಕಿದರೆ ಮುಂದೆ 284 ಕಿಲೋ ಮಾತ್ರ ಉಳಿಯುತ್ತದೆ. ಆದರೆ 3 ಟನ್ನು ಹೊರೆಯ ಬದಲು ಒಂದೂವರೆ ಟನ್ನು ಹೇರಿದರೆ ಸುಮಾರು 428 ಕಿಲೋ ಉಳಿಯುತ್ತದೆ. ಒಂದು ಸಲಕ್ಕೆ ತರುವುದನ್ನು ಎರಡು ಸಲಕ್ಕೆ ತಂದರೆ ಡೀಸೆಲ್ ಸ್ವಲ್ಪ ಹೆಚ್ಚು ಖರ್ಚಾದೀತು. ಮನೆಯ ಮಗ ಸಂಜೆ ಊಟಕ್ಕೆ ಬರುತ್ತಾನೆ.

ಕಣ್ಣಾರೆ ಕಂಡದ್ದು

ನಾನು ಈ ಮಾತನ್ನು ಇಷ್ಟು ಒತ್ತಿ ಹೇಳಲು ಒಂದು ಕಾರಣವಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕೆರೆಯ ಬಳಿ ಗೋಡು ಸಾಗಿಸುವುದನ್ನು ನೋಡುತ್ತ ನಿಂತಿದ್ದೆ. ಇಪ್ಪತ್ತು ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಓಡಿಸುತ್ತಿದ್ದ. ಅವನ ಟ್ರಾಕ್ಟರಿನ ಕೆಳಗಿನ ಡ್ರಾಬಾರ್ ಬಾಗಿತ್ತು. ರಿಪೇರಿಗೆ ಪೇಟೆಗೆ ಹೋದರೆ ಒಂದು ದಿನದ ಕೆಲಸ ಕೆಡುತ್ತದೆಂದು, ನೇಗಿಲ ಮೇಲಿನ ತೋಳು ಸಿಕ್ಕಿಸುವ ಜಾಗಕ್ಕೆ, ಅಂದರೆ ಟಾಪ್ ಲಿಂಕಿನ ಜಾಗಕ್ಕೆ, ಸರಪಳಿ ಸುತ್ತಿ ಟ್ರೈಲರ್ ಕಟ್ಟಿದ್ದ. ಮಟ್ಟ ನೆಲದಲ್ಲಿ ನಾಲ್ಕು ಸಲ ಸರಾಗವಾಗಿ ಹೋಗಿ ಬಂದ. ಐದನೆಯ ಸಲ ಏರು ಹತ್ತುವಾಗ ಹಿಂದಿನ ಚಕ್ರ ಕೆಸರಿನಲ್ಲಿ ಕೂತಿತು. ಅವನು ಆಕ್ಸಲರೇಟರ್ ಒತ್ತಿದ.

ಚಕ್ರ ತಿರುಗದೆ ಹೂತಿರುವಾಗ ಎಂಜಿನ್ನಿನ ಬಲ ಎಲ್ಲಿಗೆ ಹೋಗಬೇಕು? ಚಕ್ರವನ್ನು ಮುಂದಕ್ಕೆ ತಿರುಗಿಸಲಾಗದಿದ್ದರೆ ಅದು ಟ್ರಾಕ್ಟರಿನ ಮೈಯನ್ನೇ ಅಚ್ಚಿನ ಸುತ್ತ ಹಿಂದಕ್ಕೆ ತಿರುಗಿಸುತ್ತದೆ. ಮೇಲಿನಿಂದ ಸರಪಳಿ ಹಿಂದಕ್ಕೆ ಜಗ್ಗುತ್ತಿತ್ತು. ಮೂತಿ ಎದ್ದು ನಿಂತಿತು. ನಾವು ಕೂಗಿದ್ದು ಅವನಿಗೆ ಕೇಳಿಸುವುದರೊಳಗೆ ಟ್ರಾಕ್ಟರ್ ಪಕ್ಕಕ್ಕೆ ಹೊರಳಿತು. ಪೂರಾ ಹಿಂದಕ್ಕೆ ಬೀಳದೆ ಹೊರಳಿದ್ದರಿಂದ ಅವನು ಬದುಕಿದ. ಕಾಲು ಎರಡು ಕಡೆ ಮುರಿದಿತ್ತು. ಆ ವರ್ಷದ ರಾಗಿಯನ್ನು ಅವರಪ್ಪ ಒಬ್ಬರೇ ಬಿತ್ತಿದರು.

ಹೀಗೆ ಮೂತಿ ಎದ್ದ ಟ್ರಾಕ್ಟರ್ ಹಿಂದಕ್ಕೆ ಬೀಳಲು ಎರಡು ಸೆಕೆಂಡೂ ಬೇಕಿಲ್ಲ. ಯೋಚನೆ ಮಾಡಲು ಸಮಯವಿಲ್ಲ. ಮುಂದಿನ ಚಕ್ರ ಹಗುರಾಯಿತೆಂದು ಕಂಡ ಕೂಡಲೆ ಕ್ಲಚ್ ಒತ್ತಬೇಕು. ಆಮೇಲೆ ಬ್ರೇಕನ್ನು ಮೆಲ್ಲಗೆ ಹಿಡಿಯಬೇಕು, ಒಮ್ಮೆಲೆ ಗುದ್ದಬಾರದು. ಕೆಸರಿನಲ್ಲಿ ಹೂತರೆ ಎಂಜಿನ್ ರೇಸ್ ಮಾಡುವುದು ಬೇಡ. ಹೊರೆ ಇಳಿಸಿ, ಚಕ್ರದ ಮುಂದಿನ ಮಣ್ಣು ಬಿಡಿಸಿ ತೆಗೆಯಿರಿ.

ಫರ್ಗುಸನ್ನನ ತೋಳುಗಳು

ಐರ್ಲೆಂಡಿನ ಹ್ಯಾರಿ ಫರ್ಗುಸನ್ ಎಂಬಾತ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಟ್ರಾಕ್ಟರುಗಳ ಕೆಲಸ ನೋಡಿದ. ಆಗ ನೇಗಿಲನ್ನು ಸರಪಳಿಯಿಂದ ಗಾಡಿಯಂತೆ ಹಿಂದೆ ಕಟ್ಟುತ್ತಿದ್ದರು. ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿದರೆ ಟ್ರಾಕ್ಟರ್ ಮೇಲೆದ್ದು ಹಿಂದಕ್ಕೆ ಬೀಳುತ್ತಿತ್ತು. ಇದಕ್ಕೆ ಪರಿಹಾರವಾಗಿ ಆತ ಕೆಳಗೆ ಎರಡು, ಮೇಲೆ ಒಂದು ಹೀಗೆ ಮೂರು ತೋಳುಗಳ ಜೋಡಣೆಗೆ 1926ರಲ್ಲಿ ಪೇಟೆಂಟ್ ಪಡೆದ. ನಿಮ್ಮ ಟ್ರಾಕ್ಟರಿನ ಹಿಂದೆ ಇರುವುದು ಅದೇ ಮೂರು ತೋಳು. ಮೇಲಿನ ತೋಳು ಇರುವುದು ಎಳೆಯುವುದಕ್ಕಲ್ಲ. ನೇಗಿಲು ಸಿಕ್ಕಿಕೊಂಡಾಗ ಟ್ರಾಕ್ಟರಿನ ಮೂತಿಯನ್ನು ಕೆಳಕ್ಕೆ ಒತ್ತಿ ಹಿಡಿಯುವುದಕ್ಕೆ. ಪ್ರಾಣ ಉಳಿಸಲೆಂದು ಕೊಟ್ಟ ಜಾಗಕ್ಕೇ ಟ್ರೈಲರ್ ಕಟ್ಟಿ ಪ್ರಾಣ ಕಳೆದುಕೊಳ್ಳುವುದು ಎಂಥ ವಿಪರ್ಯಾಸ!

ಹೊರದೇಶದ ಭಾರ ಹಂಚುವ ಕೊಂಡಿ

ಅರಿಶಿನಕುಂಟೆಯ ಆ ಮೊಮ್ಮಗ ಫೋನಿನಲ್ಲಿ ಏನೋ ನೋಡಿದ್ದ. "ಸಾರ್, ಅಮೇರಿಕದಲ್ಲಿ ಭಾರ ಹಂಚೋ ಕೊಂಡಿ ಅಂತ ಮಾಡ್ತಾರಂತೆ. ಅದನ್ನ ತರಿಸಿ ಹಾಕಿಸಿದ್ರೆ ಎಷ್ಟು ಬೇಕಾದ್ರೂ ಹೇರಬಹುದಲ್ವಾ?" ಎಂದು ಕೇಳಿದ.

ಅಂಥ ಕೊಂಡಿ ಇರುವುದು ನಿಜ. ಅಲ್ಲಿ ಕಾರುಗಳ ಹಿಂದೆ ಮನೆಯಂಥ ಟ್ರೈಲರ್ ಕಟ್ಟಿಕೊಂಡು ಊರೂರು ತಿರುಗುತ್ತಾರೆ. ಟ್ರೈಲರಿನ ಮೂತಿಭಾರಕ್ಕೆ ಕಾರಿನ ಹಿಂಭಾಗ ಕುಸಿದು ಮುಂಭಾಗ ಏಳುತ್ತದೆ. ಆದುದರಿಂದ ಕೊಂಡಿಯ ಎರಡು ಪಕ್ಕಕ್ಕೂ ಬಿಲ್ಲಿನಂತೆ ಬಗ್ಗುವ ಉಕ್ಕಿನ ಕಡ್ಡಿ ಹಾಕಿ, ಅವನ್ನು ಸರಪಳಿಯಿಂದ ಟ್ರೈಲರಿನ ಮೂಕಿಗೆ ಬಿಗಿಯುತ್ತಾರೆ. ಕಡ್ಡಿ ಸನ್ನೆಕೋಲಿನಂತೆ ಎತ್ತಿ, ಹಿಂದೆ ಕುಸಿದ ಭಾರದಲ್ಲಿ ಒಂದು ಪಾಲನ್ನು ಕಾರಿನ ಮುಂದಿನ ಚಕ್ರಕ್ಕೂ ಇನ್ನೊಂದು ಪಾಲನ್ನು ಟ್ರೈಲರಿನ ಚಕ್ರಕ್ಕೂ ಹಂಚುತ್ತದೆ. ಟ್ರೈಲರಿನ ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮೂತಿಭಾರ ಎಂದು ಲೆಕ್ಕ ಹಿಡಿದು, ಅದಕ್ಕೆ ತಕ್ಕ ಕಡ್ಡಿಯನ್ನು ಆರಿಸುತ್ತಾರೆ.

ಆದರೆ ಅದು ಟಾರು ರಸ್ತೆಯ ಸಾಮಾನು. ನಮ್ಮ ಟ್ರಾಕ್ಟರ್ ಬದು ಹತ್ತಬೇಕು, ಕಾಲುವೆ ಇಳಿಯಬೇಕು. ಟ್ರಾಕ್ಟರ್ ಮೇಲೆ ಹೋದಾಗ ಟ್ರೈಲರ್ ಕೆಳಗಿರುತ್ತದೆ, ಅದು ಮೇಲೆ ಬಂದಾಗ ಇದು ಕೆಳಗಿರುತ್ತದೆ. ಕೊಂಡಿ ಸಡಿಲವಾಗಿ ಎಲ್ಲ ಕಡೆಗೂ ಆಡಬೇಕು. ಬಿಗಿದ ಕಡ್ಡಿ ಅಲ್ಲಿ ಬಾಗುತ್ತದೆ, ಇಲ್ಲವೆ ಮುರಿಯುತ್ತದೆ. ಇನ್ನೊಂದು ಮಾತು. ಆ ಕೊಂಡಿಯೂ ಹೊರೆಯನ್ನು ಹಂಚುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ. ಅದನ್ನು ಹಾಕಿಕೊಂಡವರೂ ಮಿತಿ ಮೀರಿ ಹೇರುವ ಹಾಗಿಲ್ಲ.

ಹಾಗಾದರೆ ನಮಗೆ ಭಾರ ಹಂಚುವ ಉಪಾಯವಿಲ್ಲವೇ? ಇದೆ, ಖರ್ಚಿಲ್ಲದ್ದು. ಕೊಂಡಿಯನ್ನು ತಗ್ಗಿನಲ್ಲಿಡುವುದು ಒಂದು, ಹೊರೆಯನ್ನು ಅಚ್ಚಿನ ಮೇಲೆ ಕೂರಿಸುವುದು ಇನ್ನೊಂದು. ಇವೆರಡೂ ಸಾಲದಿದ್ದರೆ ಮೂತಿಗೆ ಕಂಪನಿಯವರು ಕೊಡುವ ಕಬ್ಬಿಣದ ತೂಕಗಳನ್ನು ತೂಗುಹಾಕಬಹುದು. ಅವು ಮುಂದಿನ ಅಚ್ಚಿಗಿಂತಲೂ ಮುಂದೆ ಇರುವುದರಿಂದ 100 ಕಿಲೋ ಹಾಕಿದರೆ ಮುಂದಿನ ಚಕ್ರಕ್ಕೆ 100ಕ್ಕಿಂತ ಹೆಚ್ಚೇ ಸಿಗುತ್ತದೆ.

ಯಾವ ಕೊಂಡಿ ಆರಿಸಬೇಕು?

ಟ್ರಾಕ್ಟರಿನ ಹಿಂದೆ ನಾಲ್ಕು ಜಾಗ ಕಾಣುತ್ತವೆ. ಒಂದೊಂದಕ್ಕೂ ಒಂದೊಂದು ಕೆಲಸ.

ಮೊದಲನೆಯದು ಹಿಂದಿನ ಪೆಟ್ಟಿಗೆಗೇ ಬೋಲ್ಟ್ ಹಾಕಿ ಕೂರಿಸಿದ ಟ್ರೈಲರ್ ಹುಕ್ಕು. ಎರಡು ತುಟಿಯ ನಡುವೆ ಟ್ರೈಲರಿನ ಬಳೆ ಬಂದು, ಮೇಲಿನಿಂದ ಪಿನ್ನು ಇಳಿಯುತ್ತದೆ. ಎರಡು ಚಕ್ರದ ಟ್ರೈಲರಿಗೆ ಇದೇ ಸರಿ. ಇದು ಹಿಂದಿನ ಅಚ್ಚಿಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ಕೆಲವು ಹುಕ್ಕುಗಳಲ್ಲಿ ಮೇಲೆ ಕೆಳಗೆ ಮಾಡಲು ಮೂರು ನಾಲ್ಕು ತೂತುಗಳಿರುತ್ತವೆ. ಹೊರೆ ಹೇರಿದಾಗ ಟ್ರೈಲರಿನ ತಳ ನೆಲಕ್ಕೆ ಸಮನಾಗಿ ನಿಲ್ಲುವ ಹಾಗೆ ಇಡಿ. ಎತ್ತರ ಹೊಂದದಿದ್ದರೆ ಟ್ರಾಕ್ಟರಿನ ಹುಕ್ಕನ್ನು ಮೇಲೇರಿಸಬೇಡಿ. ಬಲ್ಲ ವರ್ಕ್‌ಶಾಪಿನಲ್ಲಿ ಟ್ರೈಲರಿನ ಬಳೆಯನ್ನು ಕೆಳಗಿಳಿಸಿ ಕೂರಿಸಿಕೊಳ್ಳಿ. ಯಾವ ಕಾರಣಕ್ಕೂ ಕೊಂಡಿ ಹಿಂದಿನ ಅಚ್ಚಿನ ಎತ್ತರಕ್ಕೆ ಬರಕೂಡದು.

ಎರಡನೆಯದು ಹೊಟ್ಟೆಯ ಕೆಳಗಿನಿಂದ ಬರುವ ಡ್ರಾಬಾರ್ ಪಟ್ಟಿ. ಇದು ಎಳೆಯುವುದಕ್ಕೆ ಗಟ್ಟಿ, ಹೊರುವುದಕ್ಕೆ ಅಷ್ಟು ಗಟ್ಟಿಯಲ್ಲ. ಮೂತಿಭಾರವಿಲ್ಲದ ನಾಲ್ಕು ಚಕ್ರದ ಟ್ರೈಲರಿಗೆ ಇದು ಚೆನ್ನ. ಪಟ್ಟಿಯನ್ನು ಉದ್ದಕ್ಕೆ ಎಳೆದಷ್ಟೂ ಅದು ಹೊರುವ ಶಕ್ತಿ ಕಡಿಮೆಯಾಗುತ್ತದೆ. ರಸ್ತೆಗೆ ಇಳಿಯುವಾಗ ಅತ್ತಿತ್ತ ಆಡದಂತೆ ನಡುವೆ ಪಿನ್ನು ಹಾಕಿ ಬಿಗಿಯಿರಿ.

ಮೂರನೆಯದು ಕೆಳಗಿನ ಎರಡು ತೋಳುಗಳ ನಡುವೆ ಅಡ್ಡ ಹಾಕುವ ತೂತಿನ ಪಟ್ಟಿ. ಹಗುರ ಸಾಮಾನಿಗೆ ಮಾತ್ರ. ಹೈಡ್ರಾಲಿಕ್ ಲಿವರಿಗೆ ಕೈ ತಾಗಿದರೆ ಪಟ್ಟಿ ಮೇಲೇಳುತ್ತದೆ, ಅದರೊಡನೆ ಕೊಂಡಿಯೂ ಮೇಲೇಳುತ್ತದೆ. ಇದನ್ನು ಬಳಸಲೇಬೇಕಾದರೆ ಮೇಲೇಳದಂತೆ ತಡೆಯುವ ಆಧಾರ ಕಡ್ಡಿಗಳನ್ನು ಹಾಕಿಯೇ ಬಳಸಿ. ಹೊರೆ ತುಂಬಿದ ಟ್ರೈಲರಿಗೆ ಬೇಡ.

ನಾಲ್ಕನೆಯದು ಟಾಪ್ ಲಿಂಕಿನ ಜಾಗ. ಅದಕ್ಕೆ ಟ್ರೈಲರನ್ನೂ ಮರದ ದಿಮ್ಮಿಯನ್ನೂ ಹೂತ ಲಾರಿಯನ್ನೂ ಎಂದೂ ಕಟ್ಟಕೂಡದು.

ಕೊಂಡಿ ಎಷ್ಟು ಭಾರ ತಡೆಯುತ್ತದೆ ಎಂಬುದನ್ನು ಟ್ರಾಕ್ಟರಿನ ಜೊತೆ ಕೊಡುವ ಕಂಪನಿಯ ಪುಸ್ತಕದಲ್ಲಿ ನೋಡಿಕೊಳ್ಳಿ. ಓದಲು ತೊಡಕಾದರೆ ಶಾಲೆಗೆ ಹೋಗುವ ಮಕ್ಕಳ ಕೈಲಿ ಓದಿಸಿ, ಇಲ್ಲವೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತನ್ನಿ. ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಅಲ್ಲಿಯೂ ವಿಚಾರಿಸಬಹುದು.

ಇನ್ನು ಪಿನ್ನು. "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು" ಎನ್ನುತ್ತಾರೆ. ನೂರಿನ್ನೂರು ರೂಪಾಯಿ ಉಳಿಸಲು ಕಟ್ಟಡದ ಸರಳನ್ನೋ ಹಳೆಯ ಬೋಲ್ಟನ್ನೋ ಪಿನ್ನಾಗಿ ಹಾಕಬೇಡಿ. ಪಿನ್ನು ತೂತಿಗೆ ಸರಿಯಾಗಿ ಕೂರಬೇಕು. ಕೆಳಗೆ ಕ್ಲಿಪ್ಪು ಇರಬೇಕು, ಇಲ್ಲದಿದ್ದರೆ ಹಳ್ಳ ಹಾರಿದಾಗ ಪಿನ್ನೂ ಹಾರುತ್ತದೆ. ನಡುವೆ ಸವೆದು ಸೊಂಟ ಬಿದ್ದ ಪಿನ್ನನ್ನೂ, ದುಂಡು ಹೋಗಿ ಮೊಟ್ಟೆಯಾಕಾರವಾದ ಬಳೆಯನ್ನೂ ಕೂಡಲೆ ಬದಲಾಯಿಸಿ. ಇವೆಲ್ಲದರ ಜೊತೆಗೆ ಟ್ರೈಲರಿನಿಂದ ಟ್ರಾಕ್ಟರಿಗೆ ಒಂದು ಗಟ್ಟಿ ಸರಪಳಿ ಇರಲಿ. ಪಿನ್ನು ಹೋದರೂ ಟ್ರೈಲರ್ ದಾರಿಹೋಕರ ಮೇಲೆ ಹೋಗದು.

ಹೊರೆ ಹೇರುವ ಕ್ರಮ

ಟ್ರೈಲರ್ ತುಂಬಿತೇ ಎಂದು ಕಣ್ಣಳತೆಯಲ್ಲಿ ನೋಡಿದರೆ ಮೋಸ ಹೋಗುತ್ತೇವೆ. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಟ್ರೈಲರಿನಲ್ಲಿ 120 ಘನ ಅಡಿ ಹಿಡಿಯುತ್ತದೆ. ಒಣಗಿದ ಕೊಟ್ಟಿಗೆ ಗೊಬ್ಬರ ನೀರಿಗಿಂತ ಹಗುರ. ತುಂಬ ತುಂಬಿದರೂ ಎರಡು ಟನ್ನಿನ ಆಸುಪಾಸಿನಲ್ಲಿರುತ್ತದೆ. ಹಸಿ ಗೋಡು ನೀರಿನ ಒಂದೂವರೆ ಪಾಲಿಗಿಂತಲೂ ಭಾರ. ಅದೇ ಟ್ರೈಲರನ್ನು ಅಂಚಿನವರೆಗೆ ತುಂಬಿದರೆ 5 ಟನ್ನು ಮೀರುತ್ತದೆ. ಆದುದರಿಂದ ಗೋಡು, ಕಲ್ಲು, ಹಸಿ ಮರಳುಮಣ್ಣನ್ನು ಅರ್ಧಕ್ಕೇ ನಿಲ್ಲಿಸಿ. ಪಕ್ಕದ ಹಲಗೆಯ ಒಳಗೆ ಬಣ್ಣದ ಗೆರೆ ಎಳೆದಿಟ್ಟರೆ ಆಳುಗಳಿಗೂ ತಿಳಿಯುತ್ತದೆ.

ಭಾರವಾದದ್ದು ಕೆಳಗೆ, ಅಚ್ಚಿನ ಮೇಲೆ, ಸ್ವಲ್ಪವೇ ಮುಂದಕ್ಕೆ. ಇದು ಸೂತ್ರ. ಹಿಂಭಾರವಾದರೆ ಟ್ರೈಲರ್ ಕೊಂಡಿಯನ್ನು ಮೇಲಕ್ಕೆ ಎತ್ತುತ್ತದೆ. ಟ್ರಾಕ್ಟರಿನ ಹಿಂದಿನ ಚಕ್ರ ಹಗುರವಾಗಿ ಜಾರುತ್ತದೆ, ಟ್ರೈಲರ್ ಹಾವಿನಂತೆ ಅತ್ತಿತ್ತ ಆಡುತ್ತದೆ. ನೀಲಗಿರಿ, ಸರ್ವೆ, ಬಿದಿರು, ಬೋರ್‌ವೆಲ್ಲಿನ ಪೈಪು ಮೊದಲಾದ ಉದ್ದ ಸಾಮಾನು ಹಿಂದಕ್ಕೆ ಚಾಚಿಕೊಂಡರೆ ಹೀಗಾಗುತ್ತದೆ. ಮರದ ದಪ್ಪ ಬುಡವನ್ನು ಮುಂದಕ್ಕೆ, ತೆಳ್ಳನೆ ತುದಿಯನ್ನು ಹಿಂದಕ್ಕೆ ಹಾಕಿ. ರಾಗಿ ಹುಲ್ಲು ಹಗುರವೆಂದು ಮನೆಯೆತ್ತರ ಒಟ್ಟಿದರೆ ತಿರುವಿನಲ್ಲಿ ಪಕ್ಕಕ್ಕೆ ಮಗುಚುತ್ತದೆ.

ಹಿಂಭಾರವಾದ ಟ್ರೈಲರಿನ ಪಿನ್ನು ಕಿತ್ತರೆ ಮೂಕಿ ಒಮ್ಮೆಲೆ ಮೇಲಕ್ಕೆ ಹಾರಿ ಗದ್ದಕ್ಕೆ ಬಡಿಯುತ್ತದೆ. ಮುಂಭಾರವಾದದ್ದು ಕಾಲಿನ ಮೇಲೆ ಬೀಳುತ್ತದೆ. ಆದುದರಿಂದ ಬಿಚ್ಚುವ ಮುಂಚೆ ಟ್ರೈಲರಿನ ಚಕ್ರಕ್ಕೆ ಮುಂದೂ ಹಿಂದೂ ಕಲ್ಲು ಕೊಡಿ, ಮೂಕಿಗೆ ಸ್ಟ್ಯಾಂಡ್ ಕೊಡಿ, ಆಮೇಲೆ ಪಿನ್ನಿಗೆ ಕೈ ಹಾಕಿ. ಟ್ರಾಕ್ಟರ್ ಹಿಂದಕ್ಕೆ ಬರುತ್ತಿರುವಾಗ ನಡುವೆ ಯಾರೂ ನಿಲ್ಲಕೂಡದು. ಟ್ರಾಕ್ಟರ್ ನಿಂತ ಮೇಲೆಯೇ ಒಳಗೆ ಹೋಗಬೇಕು.

ಮೂತಿಭಾರ ತೂಗುವ ಬಗೆ

ಮೂತಿಭಾರ ಎಷ್ಟಿದೆಯೆಂದು ಊರಿನಲ್ಲೇ ನೋಡಬಹುದು. ಹೊರೆ ಹೇರಿದ ಟ್ರೈಲರನ್ನು ಮಟ್ಟ ನೆಲದಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ನಾಲ್ಕೂವರೆ ಅಡಿಯ ಒಂದು ದಪ್ಪ ತೊಲೆ ತನ್ನಿ. ಅದರ ಒಂದು ತುದಿಯನ್ನು ಕಲ್ಲಿನ ಮೇಲೂ ಇನ್ನೊಂದು ತುದಿಯನ್ನು ಚೀಲ ತೂಗುವ ತಕ್ಕಡಿಯ ಮೇಲೂ ಇಡಿ. ಕಲ್ಲಿಗೂ ತಕ್ಕಡಿಗೂ ನಡುವೆ 4 ಅಡಿ ಅಂತರವಿರಲಿ. ತೊಲೆಯ ತೂಕ ಎಷ್ಟು ತೋರಿಸಿತೆಂದು ಮೊದಲು ಗುರುತು ಮಾಡಿಕೊಳ್ಳಿ. ಆಮೇಲೆ ಕಲ್ಲಿನಿಂದ 1 ಅಡಿ ದೂರದಲ್ಲಿ ಟ್ರೈಲರಿನ ಮೂಕಿಯನ್ನು ತೊಲೆಯ ಮೇಲೆ ಮೆಲ್ಲಗೆ ಇಳಿಸಿ. ತಕ್ಕಡಿ ಎಷ್ಟು ಹೆಚ್ಚು ತೋರಿಸಿತೋ ಅದರ ನಾಲ್ಕರಷ್ಟು ಮೂತಿಭಾರ. 100 ಕಿಲೋ ತೋರಿಸಿದರೆ 400 ಕಿಲೋ ಎಂದು ತಿಳಿಯಿರಿ.

ಇದಕ್ಕೂ ಸುಲಭದ ದಾರಿ ವೇಬ್ರಿಡ್ಜ್. ಟ್ರೈಲರ್ ಕಟ್ಟಿ, ಹೊರೆ ಹೇರಿ, ಟ್ರಾಕ್ಟರಿನ ಮುಂದಿನ ಚಕ್ರಗಳನ್ನು ಮಾತ್ರ ಅದರ ಮೇಲೆ ಹತ್ತಿಸಿ ತೂಗಿಸಿ. ಅದು ಮಟ್ಟ ನೆಲದ ತೂಕ. ಏರಿನಲ್ಲಿ ಇನ್ನೂ ಇನ್ನೂರು ಮುನ್ನೂರು ಕಿಲೋ ಕಳೆಯುವುದೆಂದು ನೆನಪಿಟ್ಟು, ಐದರಲ್ಲೊಂದು ಪಾಲಿನ ಮೇಲೆ ಅಷ್ಟು ಉಳಿತಾಯವಿದೆಯೇ ನೋಡಿಕೊಳ್ಳಿ.

ದಾರಿಯ ಮೇಲೆ

"ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು" ಎಂಬ ಗಾದೆ ನಿಮಗೆ ಗೊತ್ತು. ಇಳುಕಲಿನಲ್ಲಿ ಟ್ರಾಕ್ಟರೂ ಟ್ರೈಲರೂ ಹಾಗೆಯೇ. ಟ್ರಾಕ್ಟರ್ ಬ್ರೇಕ್ ಹಿಡಿದು ನಿಲ್ಲಲು ನೋಡುತ್ತದೆ, ಟ್ರೈಲರ್ ಹಿಂದಿನಿಂದ ತಳ್ಳುತ್ತದೆ. ತಿರುವಿನಲ್ಲಿ ಹೀಗಾದರೆ ಟ್ರೈಲರ್ ಚಾಕುವಿನಂತೆ ಮಡಚಿಕೊಂಡು ಟ್ರಾಕ್ಟರನ್ನೇ ಉರುಳಿಸುತ್ತದೆ. ಏರು ಹತ್ತಿದ ಗೇರಿನಲ್ಲೇ ಇಳಿಯಿರಿ. ಡೀಸೆಲ್ ಉಳಿಯಲೆಂದು ನ್ಯೂಟ್ರಲ್ ಮಾಡಬೇಡಿ. ಹೊಲದಲ್ಲಿ ತಿರುಗಿಸಲು ಬೇರೆ ಮಾಡಿದ ಎರಡು ಬ್ರೇಕ್ ಪೆಡಲುಗಳನ್ನು ರಸ್ತೆಗೆ ಬರುವ ಮುಂಚೆ ಕೊಕ್ಕೆ ಹಾಕಿ ಜೋಡಿಸಿ. ಇದನ್ನು ಮರೆತು ಒಂದೇ ಪೆಡಲ್ ಒತ್ತಿದರೆ ಟ್ರಾಕ್ಟರ್ ಗಿರ್ರನೆ ತಿರುಗುತ್ತದೆ. ಹೊಸ ಟ್ರೈಲರ್ ಮಾಡಿಸುವವರು ಬ್ರೇಕ್ ಇರುವುದನ್ನೇ ಮಾಡಿಸಿ.

ನೆಲಮಂಗಲದಲ್ಲಿ ಹೆದ್ದಾರಿ ಕವಲಾಗಿ ಒಂದು ತುಮಕೂರಿಗೂ ಇನ್ನೊಂದು ಕುಣಿಗಲ್ ಮಾರ್ಗವಾಗಿ ಹಾಸನಕ್ಕೂ ಹೋಗುತ್ತದೆ. ಹಗಲೂ ರಾತ್ರಿ ಲಾರಿ ಬಸ್ಸುಗಳ ಓಡಾಟ. ಕತ್ತಲಲ್ಲಿ ದೀಪವಿಲ್ಲದ ಟ್ರೈಲರ್ ಹಿಂದಿನವರಿಗೆ ಕಾಣುವುದೇ ಇಲ್ಲ. ಹಿಂದೆ ಕೆಂಪು ದೀಪ, ಮಿಂಚುವ ಕೆಂಪು ಪಟ್ಟಿ ಇರಲಿ. ಟ್ರಾಕ್ಟರಿನಂತೆ ಟ್ರೈಲರಿಗೂ ಬೇರೆ ನೋಂದಣಿ ಮಾಡಿಸಬೇಕು.

ತಾಯಂದಿರಿಗೆ ಒಂದು ಮಾತು. ಕೂಲಿಗೆ ಹೋಗುವಾಗ ಮೂಕಿಯ ಮೇಲೆ ಕಾಲಿಟ್ಟು ನಿಲ್ಲುವುದು, ಮಡ್‌ಗಾರ್ಡಿನ ಮೇಲೆ ಮಗುವನ್ನು ಕೂರಿಸುವುದು, ಹೊರೆಯ ತುದಿಗೆ ಹತ್ತುವುದು ಬೇಡವೇ ಬೇಡ. ಕೊಂಡಿಯ ಪಕ್ಕದಿಂದ ಬಿದ್ದವರ ಮೇಲೆ ಮೊದಲು ಹತ್ತುವುದು ಟ್ರೈಲರಿನ ಚಕ್ರ. ಓಡಿಸುವವರು ಸಂಕೋಚದಿಂದ ಸುಮ್ಮನಿದ್ದರೂ ನೀವೇ ಬೇಡವೆನ್ನಿ.

ಪವರ್ ಟಿಲ್ಲರಿಗೆ ಟ್ರೈಲರ್ ಕಟ್ಟುವವರೂ ನಮ್ಮ ಕಡೆ ಬಹಳ ಮಂದಿ ಇದ್ದಾರೆ. ಅದಕ್ಕೂ ಇದೇ ಸೂತ್ರ. ಜೊತೆಗೆ ಇನ್ನೊಂದು ಎಚ್ಚರಿಕೆ ಬೇಕು. ಕಡಿದಾದ ಇಳುಕಲಿನಲ್ಲಿ ಹೊರೆ ಹಿಂದಿನಿಂದ ತಳ್ಳುವಾಗ ಪಕ್ಕದ ಕ್ಲಚ್ ಉಲ್ಟಾ ಕೆಲಸ ಮಾಡುತ್ತದೆ. ಎಡಗಡೆಯದನ್ನು ಹಿಡಿದರೆ ಬಲಕ್ಕೆ ತಿರುಗುತ್ತದೆ. ಅಲ್ಲಿ ಕ್ಲಚ್ ಹಿಡಿಯದೆ, ಕೆಳ ಗೇರಿನಲ್ಲಿ, ಹಿಡಿಯನ್ನೇ ಮೆಲ್ಲಗೆ ತಿರುಗಿಸಿ ಇಳಿಯಿರಿ.

ನೆನಪಿಡಬೇಕಾದ ಮಾತುಗಳು

1. ಕೊಂಡಿ ತಗ್ಗಿನಲ್ಲಿರಲಿ. ಹಿಂದಿನ ಅಚ್ಚಿನ ಎತ್ತರಕ್ಕೆ ಎಂದೂ ಬೇಡ. ಟಾಪ್ ಲಿಂಕಿಗೆ ಏನನ್ನೂ ಕಟ್ಟಬೇಡಿ.

2. ಎರಡು ಚಕ್ರದ ಟ್ರೈಲರಿನ ಒಟ್ಟು ತೂಕದಲ್ಲಿ ಹತ್ತರಲ್ಲಿ ಒಂದು ಪಾಲು ಕೊಂಡಿಯ ಮೇಲೆ, ಮಿಕ್ಕದ್ದು ಟ್ರೈಲರಿನ ಅಚ್ಚಿನ ಮೇಲೆ. ಹಿಂಭಾರ ಬೇಡ.

3. ಟ್ರಾಕ್ಟರಿನ ತೂಕದ ಐದರಲ್ಲಿ ಒಂದು ಪಾಲು ಸದಾ ಮುಂದಿನ ಚಕ್ರದ ಮೇಲಿರಲಿ.

4. ಕೆರೆಯ ಏರಿನಂಥ ಕಡಿದಾದ ದಾರಿಗೆ ಅರ್ಧ ಹೊರೆ.

5. ಸರಿಯಾದ ಪಿನ್ನು, ಕ್ಲಿಪ್ಪು, ಸರಪಳಿ. ಪ್ರತಿ ದಿನ ಹೊರಡುವ ಮುಂಚೆ ಒಂದು ನೋಟ.

6. ಮೂತಿ ಎದ್ದರೆ ಮೊದಲು ಕ್ಲಚ್.

ಅರಿಶಿನಕುಂಟೆಯಲ್ಲಿ ಇಷ್ಟನ್ನೂ ಕೇಳಿಸಿಕೊಂಡ ಮೇಲೆ ಯಜಮಾನರು ಎದ್ದು ಟ್ರೈಲರಿನ ಹತ್ತಿರ ಹೋದರು. ಎರಡೂ ಕೈಯಲ್ಲಿ ಮೂಕಿ ಹಿಡಿದು ಎತ್ತಲು ನೋಡಿದರು, ಅಲುಗಲಿಲ್ಲ. "ಮುಂಭಾರ ಜಾಸ್ತಿಯಾಗೈತೆ ಮಗ, ಎರಡು ಮಂಕರಿ ಹಿಂದಕ್ಕೆ ತಳ್ಳು, ಮ್ಯಾಲಿನ ಅರ್ಧ ಇಳಿಸು" ಎಂದರು. ಹುಡುಗ ಗೊಣಗುತ್ತಲೇ ಸನಿಕೆ ಹಿಡಿದ. ಆ ದಿನ ಎಂಟು ಸಲ ಬರಬೇಕಾದ ಟ್ರಾಕ್ಟರ್ ಹದಿನಾರು ಸಲ ಬಂತು. ಮುಂದಿನ ಚಕ್ರ ಒಂದು ಸಲವೂ ನೆಲ ಬಿಡಲಿಲ್ಲ.

ನಾಳೆ ಬೆಳಿಗ್ಗೆ ಟ್ರಾಕ್ಟರ್ ಹೊರಡಿಸುವ ಮುಂಚೆ ನೀವೂ ಹಿಂದಕ್ಕೆ ಹೋಗಿ ಒಮ್ಮೆ ಬಗ್ಗಿ ನೋಡಿ. ಕೊಂಡಿ ಎಲ್ಲಿದೆ, ಪಿನ್ನು ಹೇಗಿದೆ, ಹೊರೆ ಎಲ್ಲಿ ಕೂತಿದೆ. ಇಷ್ಟು ನೋಡಲು ಒಂದು ಬೀಡಿ ಹಚ್ಚುವಷ್ಟು ಹೊತ್ತೂ ಬೇಡ.